ಪೈಪಿನ ತುದಿಯನ್ನು ಆರಿಸುವವರು ಯಾರು?



ಇದನ್ನು ಬರೆಯುವಾಗ ನಮ್ಮ ಮೇಜಿನ ಮೇಲೆ ಅರ್ಧ ಇಂಚಿನ ಒಂದು ಎಲ್ಬೋ ಇದೆ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಅದರ ಒಂದು ಬಾಯಿ ಉದ್ದಕ್ಕೆ ಸೀಳಿದೆ. ಆ ಸೀಳಿನಿಂದ ಹೊರಬಿದ್ದ ಹಬೆ ನಮ್ಮವನೇ ಆದ ಒಬ್ಬ ಹುಡುಗನ ಬಲಗೈಯನ್ನು ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟಿತು.

ಹುಡುಗ ಹೊಸೂರಿನ ಕೈಗಾರಿಕಾ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಹೆಲ್ಪರ್. ಕಾರ್ಖಾನೆಯ ಹೆಸರು ಇಲ್ಲಿ ಬೇಡ. ಇಂಥದ್ದು ಅಲ್ಲೊಂದೇ ಕಡೆ ನಡೆಯುವುದೂ ಅಲ್ಲ. ಹಬೆಯ ಲೈನಿನಲ್ಲಿ ಒತ್ತಡದ ಮೀಟರು ಕೆಟ್ಟಿತ್ತು, ಹೊಸದನ್ನು ಸ್ಟೋರಿನಿಂದ ಕೊಟ್ಟರು. ಹಾಕಿದ ಮೇಲೆ ಬುಡದಲ್ಲಿ ಸಣ್ಣಗೆ ಹಬೆ ಸೋರತೊಡಗಿತು. ಬಿಚ್ಚಿ ಟೇಪು ಸುತ್ತಿದರು, ನಿಲ್ಲಲಿಲ್ಲ. ಎರಡು ಪಟ್ಟು ಸುತ್ತಿದರು, ಆಗಲೂ ನಿಲ್ಲಲಿಲ್ಲ. ಲೈನು ಬಿಸಿಯಿರುವಾಗಲೇ "ಇನ್ನೂ ಬಿಗಿ, ಇನ್ನೂ ಬಿಗಿ" ಎಂದು ಮೇಲಿನವರು ಹೇಳಿದರು. ಹುಡುಗ ರೆಂಚಿಗೆ ಪೈಪಿನ ತುಂಡು ಸಿಕ್ಕಿಸಿ ಎಳೆದ. ಎಲ್ಬೋ ಸೀಳಿತು.

ವರದಿಯಲ್ಲಿ ಬರೆದದ್ದು ಒಂದೇ ಮಾತು: ಕೆಲಸಗಾರನ ಅಜಾಗರೂಕತೆ. ಅವನ ತಂದೆಯ ಜೊತೆ ನಾವು ಹೋಗಿ ಕೇಳಿಕೊಂಡಾಗ ಒಡೆದ ಎಲ್ಬೋವನ್ನೂ ಹೊಸ ಮೀಟರನ್ನೂ ತೋರಿಸಿದರು. ಜೊತೆಗೆ ಬಂದಿದ್ದ ಹಳೆಯ ಫಿಟ್ಟರಣ್ಣ ಜೇಬಿನಿಂದ ಥ್ರೆಡ್ ಗೇಜು ತೆಗೆದು ಮೀಟರಿನ ಕಾಲಿನ ಮೇಲೆ ಇಟ್ಟರು. ಐವತ್ತೈದು ಡಿಗ್ರಿಯ ಅಲಗು ಕೂರಲಿಲ್ಲ, ಸಂದಿಯಲ್ಲಿ ಬೆಳಕು ಕಂಡಿತು. ಅರುವತ್ತರದು ಸರಿಯಾಗಿ ಕೂತಿತು. ಎಲ್ಬೋ ನಮ್ಮ ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ಐವತ್ತೈದರದು. ಫಿಟ್ಟರಣ್ಣ ಅಷ್ಟೇ ಹೇಳಿದರು: "ಇವೆರಡಕ್ಕೂ ಮದುವೆ ಮಾಡಿದವರು ಯಾರು? ಈ ಹುಡುಗ ಅಲ್ಲ."

ಆ ಪ್ರಶ್ನೆಯನ್ನೇ ಈ ತಿಂಗಳು ನಿಮ್ಮ ಮುಂದಿಡುತ್ತೇವೆ. ಪೈಪು ಎಲ್ಲಿಂದ ಎಲ್ಲಿಗೆ, ಎಷ್ಟು ಇಂಚು ಎಂಬುದನ್ನು ನಕ್ಷೆಯಲ್ಲಿ ಬರೆಯುತ್ತಾರೆ. ಆದರೆ ಪೈಪು ಸೋರುವುದು ಹೆಚ್ಚಾಗಿ ನಡುವಿನಲ್ಲಲ್ಲ, ತುದಿಯಲ್ಲಿ. ತುದಿಗೆ ಥ್ರೆಡ್ ಇರಬೇಕೋ, ವೆಲ್ಡಿಂಗ್ ಮಾಡಬೇಕೋ, ಫ್ಲೇಂಜ್ ಹಾಕಿ ಬೋಲ್ಟು ಬಿಗಿಯಬೇಕೋ, ಕ್ಲಾಂಪು ಸಾಕೋ ಎಂಬುದನ್ನು ಎಷ್ಟೋ ಕಡೆ ಸ್ಟೋರಿನಲ್ಲಿ ಏನಿದೆ, ಯಾವುದು ಅಗ್ಗ ಎಂಬುದರ ಮೇಲೆ ತೀರ್ಮಾನಿಸುತ್ತಾರೆ. ಆ ತುದಿಯನ್ನು ಮುಂದೆ ಹತ್ತು ವರ್ಷ ಬಿಚ್ಚಿ ಕಟ್ಟುವವನನ್ನು ಕೇಳುವುದಿಲ್ಲ. ಕೇಳಬೇಕು ಎಂಬುದು ನಮ್ಮ ಅಭಿಪ್ರಾಯ. ಯಾಕೆ ಎಂಬುದನ್ನು ನಮಗೆ ತಿಳಿದಷ್ಟು ವಿವರಿಸುತ್ತೇವೆ. ನಾವು ಇಂಜಿನಿಯರುಗಳಲ್ಲ, ಹತ್ತನೆಯ ತರಗತಿ ಪಾಸು ಮಾಡಿದವರು. ಆದರೆ ಕೆಲಸ ಬಲ್ಲವರ ಪಕ್ಕದಲ್ಲಿ ಕೂತು ಕೇಳಿದ್ದೇವೆ.

ಮೊದಲು ಥ್ರೆಡ್ಡಿನ ಮಾತು. ಬ್ರಿಟನ್ನಿನ ಜೋಸೆಫ್ ವಿಟ್‌ವರ್ತ್ ಎಂಬ ಇಂಜಿನಿಯರ್ 1841ರಲ್ಲಿ ಸ್ಕ್ರೂ ಥ್ರೆಡ್ಡಿಗೆ ಐವತ್ತೈದು ಡಿಗ್ರಿಯ ಕೋನವನ್ನು ಗೊತ್ತುಮಾಡಿದ. ಬ್ರಿಟಿಷ್ ಪೈಪ್ ಥ್ರೆಡ್ ಅದೇ ಕೋನದ್ದು, ನಮ್ಮ ಐ.ಎಸ್. 554 ಅದನ್ನೇ ಅನುಸರಿಸುತ್ತದೆ. ನಿಮ್ಮ ಮನೆಯ ನಲ್ಲಿ, ಬೀದಿಯ ಜಿ.ಐ. ಪೈಪು, ಹಾರ್ಡ್‌ವೇರ್ ಅಂಗಡಿಯ ಎಲ್ಬೋ, ಟೀ, ಸಾಕೆಟ್ ಎಲ್ಲವೂ ಈ ಜಾತಿ. ಇದನ್ನು ಬಿ.ಎಸ್.ಪಿ. ಎನ್ನುತ್ತಾರೆ. ಅಮೆರಿಕದವರದು ಅರುವತ್ತು ಡಿಗ್ರಿ, ಹೆಸರು ಎನ್.ಪಿ.ಟಿ. ಹೊರದೇಶದ ಯಂತ್ರ, ಒತ್ತಡದ ಮೀಟರು, ವಾಲ್ವು ಬಂದ ಕಡೆಯೆಲ್ಲ ಇದೂ ಹಿಂದೆಯೇ ಬರುತ್ತದೆ. 1970ರ ದಶಕದಲ್ಲಿ ಸಿಪ್‌ಕಾಟ್ ಎಸ್ಟೇಟು ತೆರೆದ ಮೇಲೆ ಹೊಸೂರಿಗೆ ನಾನಾ ದೇಶದ ಯಂತ್ರಗಳು ಬಂದಿವೆ. ಒಂದೇ ಶೆಡ್ಡಿನಲ್ಲಿ ಜಪಾನಿನದು, ಜರ್ಮನಿಯದು, ಅಮೆರಿಕದ್ದು, ಕೊಯಮತ್ತೂರಿನದು ಪಕ್ಕಪಕ್ಕ ನಿಂತಿರುವುದನ್ನು ನೀವೇ ನೋಡಿದ್ದೀರಿ. ಪ್ರತಿಯೊಂದರ ತುದಿಯೂ ಬೇರೆ ಭಾಷೆ ಮಾತಾಡುತ್ತದೆ.

ಅಪಾಯ ಎಲ್ಲಿದೆ ಎಂದರೆ, ಅರ್ಧ ಇಂಚು ಮತ್ತು ಮುಕ್ಕಾಲು ಇಂಚಿನಲ್ಲಿ ಎರಡೂ ಜಾತಿಗೆ ಒಂದು ಇಂಚಿನೊಳಗೆ ಹದಿನಾಲ್ಕೇ ಸುತ್ತು. ಆದ್ದರಿಂದ ಒಂದು ಇನ್ನೊಂದರೊಳಗೆ ಹೋಗುತ್ತದೆ. ಕೈಗೆ ಸರಿಯೆನಿಸುತ್ತದೆ, ಕಣ್ಣಿಗೂ ಸರಿಯೆನಿಸುತ್ತದೆ. ಆದರೆ ಹಲ್ಲಿನ ಓರೆ ಬೇರೆಯಾದ್ದರಿಂದ ಮೈಗೆ ಮೈ ತಾಗದೆ ಸಂದಿ ಉಳಿಯುತ್ತದೆ, ಆ ಸಂದಿಯಲ್ಲೇ ಹಬೆ ದಾರಿ ಹುಡುಕುತ್ತದೆ. ಒಂದಿಂಚಿನ ಪೈಪಿನಲ್ಲಿ ಬಿ.ಎಸ್.ಪಿ.ಗೆ ಹನ್ನೊಂದು ಸುತ್ತು, ಎನ್.ಪಿ.ಟಿ.ಗೆ ಹನ್ನೊಂದೂವರೆ, ಅಲ್ಲಿ ಕೆಲವು ಸುತ್ತಿಗೇ ಕಚ್ಚಿಕೊಂಡು ನಿಂತುಬಿಡುತ್ತದೆ, ತಪ್ಪು ತಾನಾಗಿ ಗೊತ್ತಾಗುತ್ತದೆ. ಅರ್ಧ ಇಂಚೇ ಮೋಸಗಾರ. ಅದರ ಮೇಲೆ, ಈ ಥ್ರೆಡ್ಡುಗಳು ತುದಿಯ ಕಡೆ ಸಣ್ಣಗಾಗುತ್ತ ಹೋಗುವಂಥವು. ಬಿಗಿದಷ್ಟೂ ಸೌದೆಗೆ ಹೊಡೆದ ಬೆಣೆಯಂತೆ ಹೊರಗಿನ ಸಾಮಾನನ್ನು ಅಗಲಿಸುತ್ತವೆ. ಟೇಪು ಸುತ್ತಿ ರೆಂಚಿಗೆ ಉದ್ದ ಕೈ ಕೊಟ್ಟು ಎಳೆದರೆ ಸೋರಿಕೆ ನಿಲ್ಲುವುದಿಲ್ಲ, ಎಲ್ಬೋ ಸೀಳುತ್ತದೆ. ಆ ಹುಡುಗ ಹೇಳಿದಂತೆಯೇ ಮಾಡಿದ್ದ.

ಥ್ರೆಡ್ ಸರಿಯಾಗಿ ಕೂತರೂ ಅದಕ್ಕೆ ಅದರ ಮಿತಿ ಇದೆ. ಅರ್ಧ ಇಂಚಿನ ಮೀಡಿಯಂ ಪೈಪಿನ, ಅಂದರೆ ನೀಲಿ ಪಟ್ಟಿಯದರ, ಗೋಡೆ 2.6 ಮಿಲಿಮೀಟರ್ ದಪ್ಪ. ಅದರ ಮೇಲೆ ಕೊರೆಯುವ ಥ್ರೆಡ್ಡಿನ ಆಳ ಸುಮಾರು 1.16 ಮಿಲಿಮೀಟರ್. ಉಳಿದದ್ದೆಷ್ಟು, ಮಕ್ಕಳೂ ಲೆಕ್ಕ ಹಾಕಿಯಾರು. ಕಂಪ್ರೆಸರಿನ ಪಕ್ಕದಲ್ಲಿ ಹಗಲೂ ರಾತ್ರಿ ನಡುಗುವ ನಿಪ್ಪಲ್ಲು ಸರಿಯಾಗಿ ಕೊನೆಯ ಸುತ್ತಿನ ಬುಡದಲ್ಲೇ ಮುರಿಯುವುದನ್ನು ಕಂಡವರು ನಮ್ಮಲ್ಲಿ ಹಲವರು. ಸಣ್ಣ ಅಳತೆ, ತಣ್ಣೀರು, ನಡುಕವಿಲ್ಲದ ಗಾಳಿಯ ಲೈನು, ಆಗಾಗ ಬಿಚ್ಚಬೇಕಾದ ಜಾಗ, ಇವುಗಳಿಗೆ ಥ್ರೆಡ್ಡು ಒಳ್ಳೆಯದು, ಅಗ್ಗ, ಬೆಂಕಿ ಬೇಡ, ಎಲ್ಲ ಫಿಟ್ಟರಿಗೂ ಬರುತ್ತದೆ. ಆದರೆ ಉದ್ದ ಲೈನಿನ ನಡುವೆ ಬಿಚ್ಚಬೇಕಾದರೆ ಅಲ್ಲೊಂದು ಯೂನಿಯನ್ ಇರಲೇಬೇಕು. ಇಲ್ಲವಾದರೆ ಒಂದು ತುದಿ ಸಡಿಲಿಸಿದಾಗ ಇನ್ನೊಂದು ತುದಿ ಬಿಗಿಯಾಗುತ್ತದೆ. (ಇದು ಪೈಪಿನ ಯೂನಿಯನ್ನಿನ ಮಾತು. ಅದನ್ನು ಬೇಡವೆನ್ನುವ ಮಾಲೀಕರು ನಮಗೆ ಇನ್ನೂ ಸಿಕ್ಕಿಲ್ಲ.)

ತುದಿ ಕೂಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಊರಿಗೆ ಊರೇ ಸಾಕ್ಷಿಯಾದ ಸಂಗತಿ ಇದೆ. 1904ರ ಫೆಬ್ರುವರಿ 7ರಂದು ಅಮೆರಿಕದ ಬಾಲ್ಟಿಮೋರ್ ನಗರಕ್ಕೆ ಬೆಂಕಿ ಬಿತ್ತು. ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕಿನಿಂದ ಅಗ್ನಿಶಾಮಕ ದಳಗಳು ಓಡಿಬಂದವು. ಹೋಸು ಇತ್ತು, ನೀರಿತ್ತು, ಜನರಿದ್ದರು. ಆದರೆ ಬೇರೆ ಊರಿನಿಂದ ತಂದ ಎಷ್ಟೋ ಹೋಸುಗಳ ತುದಿ ಆ ಊರಿನ ಹೈಡ್ರಂಟಿನ ಬಾಯಿಗೆ ಕೂರಲಿಲ್ಲ. ಸಾವಿರದ ಐನೂರಕ್ಕೂ ಹೆಚ್ಚು ಕಟ್ಟಡಗಳು ಸುಟ್ಟವು. ಇಂದು ನಮ್ಮ ದೇಶದ ಕಾರ್ಖಾನೆಗಳ ಬೆಂಕಿ ಹೋಸಿನ ತುದಿ 63 ಮಿಲಿಮೀಟರಿನ ಒಂದೇ ಮಾದರಿಯದಾಗಿರುವುದು ಐ.ಎಸ್. 903 ಎಂಬ ಮಾನಕ ಇರುವುದರಿಂದ. ಅಷ್ಟು ದೂರ ಯಾಕೆ, ನಿಮ್ಮ ಅಡುಗೆಮನೆಗೆ ಹೋಗಿ ನೋಡಿ, ಅಕ್ಕಂದಿರೇ. ಮನೆಗೆ ಬರುವ 14.2 ಕಿಲೋ ಸಿಲಿಂಡರು ಯಾವ ಲಾರಿಯಲ್ಲಿ ಬಂದರೂ ನಿಮ್ಮ ರೆಗ್ಯುಲೇಟರು ಟಕ್ ಎಂದು ಕೂರುತ್ತದೆ, ಏಕೆಂದರೆ ಅದರ ವಾಲ್ವಿನ ಬಾಯಿ 22 ಮಿಲಿಮೀಟರ್ ಎಂದು ಮೊದಲೇ ಗೊತ್ತುಮಾಡಿದ್ದಾರೆ. ಕೋಟಿಗಟ್ಟಲೆ ಮನೆಗಳಿಗೆ ಸಾಧ್ಯವಾದದ್ದು ಒಂದು ಕಾರ್ಖಾನೆಯ ಒಂದು ಸ್ಟೋರಿನೊಳಗೆ ಸಾಧ್ಯವಿಲ್ಲ ಎಂದರೆ ನಾವು ನಂಬುವುದಿಲ್ಲ.

ಇನ್ನು ವೆಲ್ಡಿಂಗ್. ಇದರಲ್ಲಿ ಎರಡು ಬಗೆ. ಸಣ್ಣ ಪೈಪು, ಸಾಮಾನ್ಯವಾಗಿ ಎರಡು ಇಂಚಿನವರೆಗೆ, ಫಿಟ್ಟಿಂಗಿನ ಬಟ್ಟಲಿನೊಳಗೆ ಪೈಪನ್ನು ಇಳಿಸಿ ಸುತ್ತ ವೆಲ್ಡ್ ಹಾಕುವುದು ಸಾಕೆಟ್ ವೆಲ್ಡ್. ದೊಡ್ಡ ಪೈಪಿಗೆ ಎರಡು ತುದಿಗಳನ್ನೂ ಓರೆಯಾಗಿ ಕೆತ್ತಿ, ಮುಖಕ್ಕೆ ಮುಖ ಇಟ್ಟು, ನಡುವಿನ ಕಣಿವೆಯನ್ನು ಬುಡದಿಂದ ತುಂಬಿಕೊಂಡು ಬರುವುದು ಬಟ್ ವೆಲ್ಡ್. ಒಳ್ಳೆಯ ವೆಲ್ಡರ್ ಮಾಡಿದ ಬಟ್ ವೆಲ್ಡ್ ಪೈಪಿನಷ್ಟೇ ಗಟ್ಟಿ; ಹಬೆ, ಹೆಚ್ಚಿನ ಒತ್ತಡ, ವಿಷದ ದ್ರವ ಇರುವಲ್ಲಿ ಇದಕ್ಕಿಂತ ನೆಮ್ಮದಿಯ ತುದಿ ಇಲ್ಲ. ಆದರೆ ಬಿಚ್ಚಬೇಕಾದರೆ ಕತ್ತರಿಸಬೇಕು. ಕತ್ತರಿಸುವುದೆಂದರೆ ಗ್ರೈಂಡರಿನ ಕಿಡಿ, ಆಕಳಿಸಿ ನಿಂತ ಲೈನಿನೊಳಗೆ ಏನು ಉಳಿದಿದೆ ಎಂಬ ಅನುಮಾನ.

ಸಾಕೆಟ್ ವೆಲ್ಡಿನಲ್ಲಿ ಒಂದು ಗುಟ್ಟಿದೆ. ಪೈಪನ್ನು ಬಟ್ಟಲಿನ ತಳ ಮುಟ್ಟುವವರೆಗೆ ಇಳಿಸಿ, ಆಮೇಲೆ ಸುಮಾರು ಒಂದೂವರೆ ಮಿಲಿಮೀಟರ್ ಹಿಂದಕ್ಕೆ ಎಳೆದು ವೆಲ್ಡ್ ಮಾಡಬೇಕು. ಬಿಸಿಗೆ ಪೈಪು ಹಿಗ್ಗುತ್ತದೆ. ಜಾಗ ಬಿಡದಿದ್ದರೆ ತಳಕ್ಕೆ ಒತ್ತಿ ವೆಲ್ಡಿನ ಮೇಲೆಯೇ ಜಗ್ಗು ಬಿದ್ದು ಬಿರುಕು ಹುಟ್ಟಬಹುದು. ಈ ಗುಟ್ಟು ನಮ್ಮ ಹುಡುಗರಿಗೆ ಗೊತ್ತಿಲ್ಲವೇ? ಗೊತ್ತಿದೆ. ಆದರೆ ಕಾಂಟ್ರಾಕ್ಟ್ ವೆಲ್ಡರಿಗೆ ಎಷ್ಟೋ ಕಡೆ ದಿನಗೂಲಿ ಇಲ್ಲ, ಇಂಚು-ಡಯಾ ಲೆಕ್ಕ. ಎರಡಿಂಚಿನ ಒಂದು ಜಾಯಿಂಟಿಗೆ ಎರಡು ಇಂಚು-ಡಯಾ ಎಂದು ಕೂಲಿ. ಅಳತೆ ನೋಡಿ ಎಳೆದು ಗುರುತು ಹಾಕಿ ಮಾಡಿದವನಿಗೂ, ತಳಕ್ಕೆ ಗುದ್ದಿ ಸರಸರ ಮುಗಿಸಿದವನಿಗೂ ಒಂದೇ ಕೂಲಿ; ಸಂಜೆಗೆ ಮೊದಲನೆಯವನ ಚೀಲ ಹಗುರ. ಜಾಯಿಂಟು ಕೆಟ್ಟರೆ ವೆಲ್ಡರನ್ನು ಬೈಯುವವರು ಈ ಲೆಕ್ಕವನ್ನು ಬರೆದ ಕೈಯನ್ನೂ ಒಮ್ಮೆ ನೋಡಬೇಕು.

ಹಬೆಯ ವಿಷಯದಲ್ಲಿ ಸರ್ಕಾರ ಬಹಳ ಹಿಂದೆಯೇ ಎಚ್ಚೆತ್ತಿತು, ಜನ ಸತ್ತ ಮೇಲೆ. 1863ರಲ್ಲಿ ಕಲ್ಕತ್ತದಲ್ಲಿ ಬಾಯ್ಲರ್ ಸಿಡಿದು ಹಲವರು ಸತ್ತರು. ಮರುವರ್ಷವೇ ಬಂಗಾಳದಲ್ಲಿ ಬಾಯ್ಲರ್ ತಪಾಸಣೆಯ ಕಾಯಿದೆ ಬಂತು. ಇಡೀ ದೇಶಕ್ಕೆ 1923ರ ಕಾಯಿದೆ, ಅದರ ಕೆಳಗೆ 1950ರ ನಿಯಮಾವಳಿ, ಫಿಟ್ಟರುಗಳು ಐ.ಬಿ.ಆರ್. ಎನ್ನುವುದು ಇದನ್ನೇ. 2025ರಲ್ಲಿ 1923ರ ಕಾಯಿದೆಯ ಜಾಗಕ್ಕೆ ಹೊಸ ಬಾಯ್ಲರ್ ಕಾಯಿದೆ ಬಂದಿದೆ. ಐ.ಬಿ.ಆರ್. ಲೈನಿನ ಮೇಲೆ ಕೈಯಿಡುವ ವೆಲ್ಡರಿಗೆ ಪ್ರಮಾಣಪತ್ರ ಇರಬೇಕು. ಇಲ್ಲದವನನ್ನು ರಾತ್ರಿ ಪಾಳಿಯಲ್ಲಿ "ಸ್ವಲ್ಪ ಒಂದು ಟ್ಯಾಕ್ ಹೊಡೆ" ಎಂದು ಕಳಿಸಿದರೆ, ಇಲ್ಲ ಎನ್ನುವ ಹಕ್ಕು ಅವನಿಗಿದೆ. ಹಕ್ಕು ಇದೆ ಎನ್ನುವುದು ಸುಲಭ, ಕಾಂಟ್ರಾಕ್ಟ್ ಕಾರ್ಡಿನವನು ಹಾಗೆ ಹೇಳುವುದು ಎಷ್ಟು ಕಷ್ಟ ಎಂಬುದೂ ನಮಗೆ ಗೊತ್ತು. ಅದಕ್ಕೇ ಅವನ ಪರವಾಗಿ ನಾಲ್ಕು ಜನ ಹೇಳಬೇಕು.

ಫ್ಲೇಂಜಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಬಿಚ್ಚಿ ಕಟ್ಟುವ ಜಾಗಗಳಲ್ಲಿ ನಮ್ಮವರ ಕೈ ಹೆಚ್ಚಾಗಿ ಬೀಳುವುದು ಅಲ್ಲೇ. ಪಂಪು, ವಾಲ್ವು, ಟ್ಯಾಂಕಿನ ಬಾಯಿ, ಎಲ್ಲ ಫ್ಲೇಂಜು. ಇದರಲ್ಲೂ ಜಾತಿ ಉಂಟು. ಹಳೆಯ ಕಾರ್ಖಾನೆಗಳಲ್ಲಿ ಬ್ರಿಟಿಷರ ಟೇಬಲ್ ಡಿ, ಟೇಬಲ್ ಇ ಎಂಬವು ಈಗಲೂ ಇವೆ. ಹೊಸದರಲ್ಲಿ ಅಮೆರಿಕದ ಕ್ಲಾಸ್ 150, 300. ಎರಡಿಂಚಿನ ಟೇಬಲ್ ಇ ಫ್ಲೇಂಜಿಗೂ ಕ್ಲಾಸ್ 150ಕ್ಕೂ ನಾಲ್ಕೇ ತೂತು. ಆದರೆ ತೂತುಗಳು ಕೂತಿರುವ ವೃತ್ತ ಒಂದರಲ್ಲಿ ಸುಮಾರು 114 ಮಿಲಿಮೀಟರ್, ಇನ್ನೊಂದರಲ್ಲಿ 120ಕ್ಕೂ ಹೆಚ್ಚು. ಬೋಲ್ಟು ಇಳಿಯುವುದಿಲ್ಲ. ಆಗ ಏನು ಮಾಡುತ್ತಾರೆ? ಗ್ಯಾಸಿನಲ್ಲಿ ತೂತನ್ನು ಉದ್ದ ಮಾಡಿ ಹೇಗೋ ಕೂರಿಸುತ್ತಾರೆ, ಹಾಗೆ ಕೂರಿಸಿದವನಿಗೆ "ಭೇಷ್" ಎನ್ನುತ್ತಾರೆ. ಆ ಭೇಷ್ ಪಡೆದವರಲ್ಲಿ ನಮ್ಮವರೂ ಇದ್ದಾರೆ, ಒಪ್ಪಿಕೊಳ್ಳುತ್ತೇವೆ. ಓರೆಯಾಗಿ ಹಿಡಿದ ಬೋಲ್ಟು ಗ್ಯಾಸ್ಕೆಟ್ಟನ್ನು ಒಂದು ಬದಿ ಹಿಂಡುತ್ತದೆ, ಇನ್ನೊಂದು ಬದಿ ಬಿಡುತ್ತದೆ.

ಕ್ಲಾಸ್ 150 ಎಂದರೆ 150 ಪೌಂಡು ಒತ್ತಡ ಎಂದು ಹಲವರು ತಿಳಿದಿದ್ದಾರೆ. ಅದು ದರ್ಜೆಯ ಹೆಸರು ಮಾತ್ರ. ಸಾಮಾನ್ಯ ಕಾರ್ಬನ್ ಸ್ಟೀಲಿನ ಈ ಫ್ಲೇಂಜು ತಣ್ಣಗಿರುವಾಗ ಸುಮಾರು 285 ಪೌಂಡು ತಡೆಯುತ್ತದೆ. ಅದೇ ಫ್ಲೇಂಜು 200 ಡಿಗ್ರಿ ಬಿಸಿಯಲ್ಲಿ 200 ಪೌಂಡು ಮಾತ್ರ. ಬಿಸಿ ಏರಿದಂತೆ ಶಕ್ತಿ ಇಳಿಯುತ್ತದೆ. ಟೇಬಲ್ ಡಿ 100 ಪೌಂಡಿಗೆ, ಟೇಬಲ್ ಇ 200 ಪೌಂಡಿಗೆ ಎಂದು ಮಾಡಿದ್ದು. ನೋಡಲು ಒಂದೇ ತರಹದ ಎರಡು ತಟ್ಟೆ, ಒಳಗಿನ ಬಲ ಬೇರೆ. ಮತ್ತೊಂದು: ಬೀಡು ಕಬ್ಬಿಣದ ವಾಲ್ವಿನ ಫ್ಲೇಂಜಿಗೆ ಮುಖ ಸಪಾಟು ಇರುತ್ತದೆ. ಅದಕ್ಕೆ ನಡುವೆ ಉಬ್ಬಿದ ಸ್ಟೀಲ್ ಫ್ಲೇಂಜನ್ನು ಎದುರಿಟ್ಟು ಬಿಗಿದರೆ ಅಂಚು ಬಾಗಲು ಹೋಗಿ ಬೀಡು ಸೀಳುತ್ತದೆ. ಬೀಡಿಗೆ ಬಾಗುವ ಗುಣ ಇಲ್ಲ. ಅಲ್ಲಿ ಎರಡೂ ಸಪಾಟು ಮುಖ, ಪೂರ್ತಿ ಅಗಲದ ಗ್ಯಾಸ್ಕೆಟ್ ಬೇಕು.

ಬಿಚ್ಚುವವರಿಗೆ ಎರಡು ಮಾತು. ಲೈನು ಖಾಲಿ ಎಂದು ಮೇಲಿನವರು ಹೇಳಿದರೂ ನಿಮ್ಮ ಮುಖದಿಂದ ದೂರ ಇರುವ ಬೋಲ್ಟನ್ನು ಮೊದಲು ಸಡಿಲಿಸಿ, ತೆಗೆಯಬೇಡಿ; ಒಳಗೆ ಉಳಿದದ್ದಿದ್ದರೆ ಆ ಕಡೆ ಹೋಗಲಿ. ಹಳೆಯ ಲೈನಿನ ಗ್ಯಾಸ್ಕೆಟ್ ಕಲ್ನಾರಿನದಾಗಿರಬಹುದು. ಅದನ್ನು ಒಣಗಿದ್ದಾಗಲೇ ಉಜ್ಜಿ ಕೆರೆದು ಊದಬೇಡಿ, ಒದ್ದೆ ಮಾಡಿ ತೆಗೆಯಿರಿ. ಆ ಧೂಳಿನ ಬೆಲೆಯನ್ನು ಶ್ವಾಸಕೋಶ ಇಪ್ಪತ್ತು ಮೂವತ್ತು ವರ್ಷದ ನಂತರ ತೆರುತ್ತದೆ, ಅಷ್ಟರಲ್ಲಿ ಕಂಪನಿಯ ಗೇಟ್‌ಪಾಸೂ ನಿಮ್ಮ ಕೈಯಲ್ಲಿರುವುದಿಲ್ಲ. ಆ ಅಂಗಿಯನ್ನು ಮನೆಯಲ್ಲಿ ಕೊಡವಿ ಒಗೆಯುವ ಹೆಂಗಸರಿಗೂ ಇದು ಅನ್ವಯಿಸುತ್ತದೆ.

ಕೃಷ್ಣಗಿರಿಯ ಕಡೆ ಹೋದರೆ ತುದಿಯ ಲೆಕ್ಕ ಪೂರ್ತಿ ಬೇರೆ. ಅಲ್ಲಿ ಮಾವಿನ ಪಲ್ಪ್ ಕಾರ್ಖಾನೆಗಳು. ತೋತಾಪುರಿ, ಅಲ್ಲಿಯವರ ಬಾಯಲ್ಲಿ ಬೆಂಗಳೂರಾ, ಬೇಸಿಗೆಯ ಕೊನೆಯಿಂದ ಲಾರಿ ಲಾರಿ ಬಂದು ಬೀಳುತ್ತದೆ. ಒಳಗೆ ನಮ್ಮ ಅಕ್ಕತಂಗಿಯರು ಎಷ್ಟೋ ಮಂದಿ. ಹಣ್ಣಿನ ರಸ ಹರಿಯುವ ಸ್ಟೇನ್‌ಲೆಸ್ ಪೈಪಿಗೆ ಥ್ರೆಡ್ಡು ಕೂಡದು, ಸಾಕೆಟ್ ವೆಲ್ಡೂ ಕೂಡದು, ಏಕೆಂದರೆ ಎರಡರಲ್ಲೂ ಒಳಗೆ ಸಂದಿ ಉಳಿಯುತ್ತದೆ. ಸಂದಿಯಲ್ಲಿ ರಸ ನಿಂತು ಹುಳಿಯುತ್ತದೆ. ಅದಕ್ಕೆ ಒಳಗೆ ನಯವಾಗಿ ಉಜ್ಜಿದ ಬಟ್ ವೆಲ್ಡು, ಬಿಚ್ಚಿ ತೊಳೆಯುವ ಜಾಗದಲ್ಲಿ ಕ್ಲಾಂಪು: ಎರಡು ತುಟಿ, ನಡುವೆ ರಬ್ಬರ್ ಉಂಗುರ, ಹೊರಗೆ ಒಂದು ಪಟ್ಟಿ, ಕೈಯಿಂದಲೇ ತಿರುಗಿಸುವ ನಟ್ಟು. ಸ್ಪ್ಯಾನರ್ ಬೇಡ. ಹೆಣ್ಣಾಳೊಬ್ಬಳು ಪಾಳಿಯ ಕೊನೆಗೆ ತಾನೇ ಬಿಚ್ಚಿ ತೊಳೆದು ಕಟ್ಟಬಹುದು. ಇದು ಒಳ್ಳೆಯ ಆಯ್ಕೆ, ಮೆಚ್ಚಬೇಕಾದ್ದು. ಆದರೆ ಸುಲಭವಾಗಿ ಬಿಚ್ಚುವುದೇ ಅದರ ಅಪಾಯ. ಲೈನು ತೊಳೆಯಲು ಬಿಸಿ ಕಾಸ್ಟಿಕ್ ನೀರನ್ನು ಓಡಿಸುತ್ತಾರೆ. ಪಂಪು ನಿಂತಿದೆಯೇ, ನೀರು ಇಳಿದಿದೆಯೇ ಎಂದು ನೋಡದೆ ಕ್ಲಾಂಪು ಸಡಿಲಿಸಿದರೆ ಅದು ನೇರ ಎದೆಗೆ, ಮುಖಕ್ಕೆ. ಪಂಪಿನ ಸ್ವಿಚ್ಚು ಒಂದು ಕೋಣೆಯಲ್ಲಿ, ಕ್ಲಾಂಪು ಇನ್ನೊಂದು ಕೋಣೆಯಲ್ಲಿ ಇದ್ದರೆ ಯಾರು ಯಾರಿಗೆ ಹೇಳಬೇಕು ಎಂಬುದನ್ನು ಸೀಸನ್ ಶುರುವಾಗುವ ಮುಂಚೆಯೇ ಗೊತ್ತುಮಾಡಿಕೊಳ್ಳಿ, ಅಕ್ಕಂದಿರೇ.

ಗ್ರಾನೈಟ್ ಕ್ವಾರಿಗಳಲ್ಲಿ ಕಂಪ್ರೆಸರಿನಿಂದ ಡ್ರಿಲ್ಲಿಗೆ ಹೋಗುವ ಹೋಸಿನ ತುದಿಯಲ್ಲಿ ಉಗುರಿನ ಹಾಗೆ ಕಚ್ಚುವ ಕಪ್ಲಿಂಗು. ಅದಕ್ಕೊಂದು ಪಿನ್ನು, ಎರಡು ಹೋಸುಗಳನ್ನು ಸೇರಿಸಿ ಹಿಡಿಯುವ ಒಂದು ಸುರಕ್ಷತಾ ತಂತಿ ಇರಬೇಕು. ಪಿನ್ನು ಕಳೆದರೆ ಮೊಳೆ ಸಿಕ್ಕಿಸುತ್ತಾರೆ, ಕ್ಲಾಂಪು ಕಳೆದರೆ ಕಟ್ಟುವ ತಂತಿ ಸುತ್ತುತ್ತಾರೆ. ಏಳು ಕಿಲೋ ಒತ್ತಡದ ಹೋಸು ಕಳಚಿದರೆ ಅದು ಹೊಡೆಯುವ ಹಾವು; ಹಲ್ಲು, ಕಣ್ಣು, ತಲೆ ಯಾವುದನ್ನೂ ಬಿಡದು. ಇನ್ನು ಪ್ರೆಸ್ ಶಾಪುಗಳ ಹೈಡ್ರಾಲಿಕ್ ಲೈನು. ಅಲ್ಲಿ ಜರ್ಮನಿಯವರ ಇಪ್ಪತ್ತನಾಲ್ಕು ಡಿಗ್ರಿಯ ಕೋನು, ಅಮೆರಿಕದವರ ಮೂವತ್ತೇಳು ಡಿಗ್ರಿಯ ಅಗಲಿಸಿದ ತುದಿ, ಇವು ಒಂದಕ್ಕೊಂದು ಆಗಿಬರುವುದಿಲ್ಲ. ನೂರಾರು ಕಿಲೋ ಒತ್ತಡದ ಎಣ್ಣೆ ಸೂಜಿಮೊನೆಯಷ್ಟು ಸಂದಿಯಿಂದ ಹೊರಟರೆ ಕಣ್ಣಿಗೂ ಕಾಣದು. ಎಲ್ಲಿ ಸೋರುತ್ತಿದೆ ಎಂದು ಬರಿಗೈ ಸವರಿ ನೋಡಬಾರದು, ರಟ್ಟಿನ ತುಂಡು ಹಿಡಿದು ನೋಡಿ. ಎಣ್ಣೆ ಚರ್ಮದೊಳಗೆ ಹೊಕ್ಕರೆ ಹೊರಗೆ ಸೂಜಿ ಚುಚ್ಚಿದ ಗುರುತು ಮಾತ್ರ, ನೋವೂ ಮೊದಲಿಗೆ ಕಡಿಮೆ. ಮುಲಾಮು ಹಚ್ಚಿ ಮನೆಗೆ ಬರಬೇಡಿ. ಆ ಗಂಟೆಯೇ ಆಸ್ಪತ್ರೆಗೆ ಹೋಗಿ "ಹೈಡ್ರಾಲಿಕ್ ಎಣ್ಣೆ ಒಳಗೆ ಹೊಕ್ಕಿದೆ" ಎಂದು ಸ್ಪಷ್ಟವಾಗಿ ಹೇಳಿ. ಶಸ್ತ್ರಚಿಕಿತ್ಸೆ ತಡವಾದರೆ ಬೆರಳೋ ಕೈಯೋ ಹೋಗಬಹುದು.

ಇಷ್ಟೆಲ್ಲ ಸಣ್ಣ ಪೈಪಿನ ಮಾತಾಯಿತು. ದೊಡ್ಡವರೂ ಇದೇ ತಪ್ಪು ಮಾಡಿದ ಕತೆಯೊಂದಿದೆ. ಇಂಗ್ಲೆಂಡಿನ ಫ್ಲಿಕ್ಸ್‌ಬರೋ ಎಂಬಲ್ಲಿ ನೈಲಾನಿಗೆ ಬೇಕಾದ ರಸಾಯನ ಮಾಡುವ ಕಾರ್ಖಾನೆ ಇತ್ತು. ಸಾಲಾಗಿ ನಿಂತ ಆರು ಪಾತ್ರೆಗಳಲ್ಲಿ ಐದನೆಯದು ಬಿರುಕುಬಿಟ್ಟಿತು. ಕೆಲಸ ನಿಲ್ಲಬಾರದೆಂದು ಅದನ್ನು ತೆಗೆದು, ನಾಲ್ಕನ್ನೂ ಆರನ್ನೂ ಒಂದು ತಾತ್ಕಾಲಿಕ ಪೈಪಿನಿಂದ ಕೂಡಿಸಿದರು. ಪಾತ್ರೆಗಳ ಬಾಯಿ 28 ಇಂಚು, ಸಿಕ್ಕ ಪೈಪು 20 ಇಂಚು. ಎರಡೂ ತುದಿಯಲ್ಲಿ ಹಾರ್ಮೋನಿಯಂ ತಿದಿಯಂಥ ಬೆಲ್ಲೋಸು. ನಕ್ಷೆ ಎಂದರೆ ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಗೆರೆ. ಬಲ್ಲ ಮೆಕ್ಯಾನಿಕಲ್ ಇಂಜಿನಿಯರ್ ಆ ವೇಳೆಗೆ ಆ ಹುದ್ದೆಯಲ್ಲಿ ಇರಲಿಲ್ಲ. ಪೈಪನ್ನು ಸಾರುವೆ ಕೊಳವೆಗಳ ಮೇಲೆ ಇಟ್ಟಿದ್ದರು. ಎರಡು ತಿಂಗಳು ನಡೆಯಿತು. 1974ರ ಜೂನ್ 1ರ ಶನಿವಾರ ಸಂಜೆ ಆ ಕೂಡಿಕೆ ಕಿತ್ತುಹೋಗಿ, ಹೊರಬಿದ್ದ ಆವಿಗೆ ಬೆಂಕಿ ತಗಲಿ, 28 ಕೆಲಸಗಾರರು ಸತ್ತರು. ವಾರದ ದಿನವಾಗಿದ್ದರೆ ಇನ್ನೂ ಎಷ್ಟೋ ಜನ ಅಲ್ಲಿರುತ್ತಿದ್ದರು. ಬೆಲ್ಲೋಸು ಎಂಬ ತುದಿಗೆ ಪೈಪು ಪಕ್ಕಕ್ಕೆ ಜಗ್ಗಿದರೆ ತಡೆಯುವ ಶಕ್ತಿಯಿಲ್ಲ ಎಂಬುದನ್ನು ಅದನ್ನು ತಯಾರಿಸಿದವರ ಪುಸ್ತಕ ನೋಡಿದ್ದರೆ ತಿಳಿಯುತ್ತಿತ್ತು. ಕೇಳುವ ವ್ಯವಧಾನ ಇರಲಿಲ್ಲ.

ಇದಕ್ಕೆ ಮಾಲೀಕರ ಕಡೆಯ ಉತ್ತರ ನಮಗೆ ಗೊತ್ತು. ಸಣ್ಣ ಕಾರ್ಖಾನೆ, ಆರ್ಡರು ಇಂದು ಉಂಟು ನಾಳೆ ಇಲ್ಲ. ಪ್ರತಿ ಎಲ್ಬೋವಿಗೆ ಸಭೆ ಕರೆಯಲಾಗುತ್ತದೆಯೇ ಎನ್ನುತ್ತಾರೆ. ನ್ಯಾಯವಾದ ಮಾತು. ಫ್ಲೇಂಜು ಹಾಕಿದರೆ ದುಡ್ಡು ಹೆಚ್ಚು, ಗ್ಯಾಸ್ಕೆಟ್ಟು ಬೋಲ್ಟು ಬೇರೆ. ವೆಲ್ಡ್ ಮಾಡಿದರೆ ಅಗ್ಗ, ಸೋರುವುದೂ ಇಲ್ಲ. ಎಲ್ಲ ಕಡೆ ಫ್ಲೇಂಜು ಹಾಕಿ ಎಂದು ನಾವೂ ಹೇಳುವುದಿಲ್ಲ, ಎಷ್ಟು ಜೋಡಣೆ ಹೆಚ್ಚೋ ಅಷ್ಟು ಸೋರುವ ಜಾಗ ಹೆಚ್ಚು. ನಾವು ಕೇಳುವುದು ಸಭೆಯಲ್ಲ. ಹೊಸ ಲೈನಿನ ಇಂಡೆಂಟ್ ಹೋಗುವ ಮುಂಚೆ ಮೆಂಟೆನೆನ್ಸ್ ಫಿಟ್ಟರ್ ಒಬ್ಬರು ಅದನ್ನು ಓದಿ ಸಹಿ ಹಾಕಲಿ. ಒಳಗೆ ಹರಿಯುವುದೇನು, ಬಿಸಿ ಎಷ್ಟು, ಒತ್ತಡ ಎಷ್ಟು, ನಡುಕ ಉಂಟೇ, ವರ್ಷಕ್ಕೆ ಎಷ್ಟು ಸಲ ಬಿಚ್ಚಬೇಕು, ಬಿಚ್ಚುವವನು ನಿಲ್ಲಲು ಜಾಗ ಉಂಟೇ ಎಂಬುದು ಅವನಿಗೆ ಗೊತ್ತು. ಒಬ್ಬ ಮನುಷ್ಯ, ಹತ್ತು ನಿಮಿಷ. ಒಂದು ಕಾರ್ಖಾನೆಗೆ ಒಂದೇ ಜಾತಿಯ ಥ್ರೆಡ್ ಎಂದು ಗೊತ್ತುಮಾಡಲಿ; ಬೇರೆ ಜಾತಿ ಬಂದೇ ತೀರುವ ಕಡೆ ಅಡಾಪ್ಟರ್ ಹಾಕಿ ಬಣ್ಣ ಬಳಿಯಲಿ. ಸ್ಟೋರಿನಲ್ಲಿ ಎರಡು ಬೇರೆ ಡಬ್ಬ ಇರಲಿ. ಥ್ರೆಡ್ ಗೇಜು ಹೆಲ್ಪರಿನ ಕೈಗೂ ಸಿಗಲಿ, ಅದು ಬಾಚಣಿಗೆಯಂಥ ಅಲಗುಗಳ ಒಂದು ಕಟ್ಟು, ಅದಕ್ಕೆ ಬೀಗ ಹಾಕಿಡುವಂಥದ್ದೇನಿಲ್ಲ. ಮತ್ತು ಒತ್ತಡ ಇರುವ ಲೈನನ್ನು ಬಿಗಿ ಎಂದು ಯಾರೂ ಯಾರಿಗೂ ಹೇಳಬಾರದು.

ಸುರಕ್ಷತಾ ಸಮಿತಿ ಇರುವ ಕಡೆ ನಮ್ಮ ಪ್ರತಿನಿಧಿಗಳು ಇದನ್ನು ಬರವಣಿಗೆಯಲ್ಲಿ ಕೊಡಬೇಕು. ಇದುವರೆಗೆ ನಾವು ಸಮಿತಿಯಲ್ಲಿ ಕ್ಯಾಂಟೀನಿನ ಸಾಂಬಾರನ್ನೂ ಬಸ್ಸಿನ ಸಮಯವನ್ನೂ ಎತ್ತಿದಷ್ಟು ಇದನ್ನು ಎತ್ತಲಿಲ್ಲ. ಸಾಂಬಾರು ಬೇಡವೆಂದಲ್ಲ.

ಆ ಹುಡುಗನ ವರದಿಯಲ್ಲಿ "ಅಜಾಗರೂಕತೆ" ಎಂಬ ಮಾತನ್ನು ತೆಗೆಯಬೇಕೆಂದು ಅರ್ಜಿ ಕೊಟ್ಟಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಕೈ ಮಾಗಿದೆ, ಮುಷ್ಟಿ ಪೂರ್ತಿ ಮುಚ್ಚುವುದಿಲ್ಲ, ವ್ಯಾಯಾಮ ನಡೆದಿದೆ. ಫಿಟ್ಟರಣ್ಣ ತಮ್ಮ ಗೇಜನ್ನು ನಮ್ಮ ಹತ್ತಿರ ಬಿಟ್ಟುಹೋಗಿದ್ದಾರೆ. ಭಾನುವಾರ ಪೂಜೆ ಮುಗಿದ ಮೇಲೆ ಯಾರಾದರೂ ಬಂದು ನೋಡಬಹುದು; ಅನುಮಾನ ಇರುವ ನಿಪ್ಪಲ್ಲೋ ಮೀಟರೋ ಇದ್ದರೆ, ಸ್ಟೋರಿನವರಿಗೆ ಹೇಳಿ ಗೇಟ್‌ಪಾಸ್ ಮಾಡಿಸಿಕೊಂಡು, ತನ್ನಿ.